ಯಾವ ಬೇಸರ ನಿನ್ನದು?

ಮಗಳೇ,

ಹೋದ ಭಾನುವಾರ ನಿನ್ನ ಹಾಸಿಗೆ, ಬಕೆಟ್ಟು, ಮಿಡಿ ಉಪ್ಪಿನಕಾಯಿಯ ಭರಣಿ ಎಲ್ಲ ಜೀಪು ಹತ್ತಿದ ಮೇಲೆ ನೀನು ಓಡಿ ಬಂದು ನನ್ನ ಕಿವಿಯಲ್ಲಿ ಕೇಳಿದೆಯಲ್ಲ, “ಅಜ್ಜ, ನಾನು ತಗೊಂಡದ್ದು ಸರಿ ಉಂಟಾ?” ಎಂದು. ಅಂಗಳ ತುಂಬ ನೆಂಟರಿದ್ದರು. “ಸರಿ ಉಂಟು, ಹೋಗಿ ಬಾ” ಎಂದು ತಲೆ ಸವರಿ ಕಳಿಸಿದೆ. ಆ ಮಾತು ನಿನ್ನನ್ನು ಕಳಿಸಿಕೊಡಲಿಕ್ಕೆ ಸಾಕಾಯಿತೇ ಹೊರತು ನಿನ್ನ ಪ್ರಶ್ನೆಗೆ ಉತ್ತರವಾಗಲಿಲ್ಲ. ಈಗ ಮಳೆ ಹೊಯ್ಯುತ್ತಿದೆ, ಕರೆಂಟಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ. ಉತ್ತರ ಬರೆಯಲಿಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಕೆಇಎ ಪುಟದ ಮುಂದೆ ಮೂರು ರಾತ್ರಿ ಕೂತು ನೀನು ಆಪ್ಷನ್ ಎಂಟ್ರಿ ಮಾಡಿದ್ದನ್ನು ನೋಡಿದ್ದೇನೆ. ನಿನಗೆ ಬೇಕಿದ್ದದ್ದು ಕಂಪ್ಯೂಟರ್ ಸೈನ್ಸ್, ಸಿಕ್ಕಿದ್ದು ಎಲೆಕ್ಟ್ರಾನಿಕ್ಸ್. ಅತ್ತ ನಿನ್ನ ಚಿಕ್ಕಪ್ಪನ ಮಗ ಇಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕ್ ಇದ್ದೂ ಭೌತಶಾಸ್ತ್ರ, ಗಣಿತ ಎಂದು ಬಿಎಸ್ಸಿಗೆ ಸೇರಿದ. “ಅಷ್ಟು ಮಾರ್ಕು ಇಟ್ಟುಕೊಂಡು ಬರೀ ಬಿಎಸ್ಸಿಯಾ?” ಎಂದು ಮನೆಗೆ ಬಂದವರೆಲ್ಲ ಕೇಳಿ ಕೇಳಿ ಹುಡುಗನನ್ನು ಕುಗ್ಗಿಸಿಬಿಟ್ಟಿದ್ದಾರೆ. ಬೇಕಾದ್ದು ಸಿಗಲಿಲ್ಲವೆಂಬ ಕೊರಗು ನಿನಗೆ, ಬೇಕಾದ್ದನ್ನೇ ತಗೊಂಡೆನೆಂಬ ಅಳುಕು ಅವನಿಗೆ. ಹಾಗಾಗಿ ಈ ಕಾಗದ ಇಬ್ಬರಿಗೂ. ಓದಿ ಅವನಿಗೂ ಕಳಿಸು.

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಪ್ರತಿ ಮಳೆಗಾಲದ ಮೊದಲಿಗೆ ತಂದೆತಾಯಂದಿರು ಕೊಡೆ ಮಡಚುತ್ತ ಸ್ಟಾಫ್ ರೂಮಿಗೆ ಬಂದು ಕೇಳುತ್ತಿದ್ದದ್ದು ಒಂದೇ ಮಾತು: “ಸಾರ್, ಇದಕ್ಕೆ ಸ್ಕೋಪ್ ಉಂಟಾ?” ಕೇಳುವುದು ತಪ್ಪಲ್ಲ. ಧಾರಣೆ ನೋಡದೆ ತೋಟ ಮಾಡುವವರು ನಮ್ಮೂರಲ್ಲಿ ಯಾರಿದ್ದಾರೆ? ಆದರೆ ಇವತ್ತಿನ ಅಡಿಕೆ ಧಾರಣೆ ನೋಡಿ ಸಸಿ ನೆಟ್ಟವನು ಕೊನೆ ಇಳಿಸುವುದು ಐದಾರು ವರ್ಷ ಕಳೆದ ಮೇಲೆ. ಓದಿನದೂ ಹಾಗೇ. ನನ್ನ ಕಣ್ಣೆದುರಿಗೇ ಸಿವಿಲ್ ಏರಿ ಇಳಿಯಿತು, ಎಲೆಕ್ಟ್ರಾನಿಕ್ಸ್ ಏರಿತು, ಆಮೇಲೆ ಕಂಪ್ಯೂಟರ್. 2001ರ ಸುಮಾರಿಗೆ ಅಮೆರಿಕದಲ್ಲಿ ಡಾಟ್‌ಕಾಮ್ ಕಂಪನಿಗಳು ಮುಗ್ಗರಿಸಿದಾಗ “ಕಂಪ್ಯೂಟರ್ ಬೇಡ, ಮುಗಿಯಿತು ಅದರ ಕಥೆ” ಎಂದು ಮಕ್ಕಳನ್ನು ಬೇರೆ ಬ್ರಾಂಚಿಗೆ ಹಾಕಿದವರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಕೈ ಕೈ ಹಿಸುಕಿಕೊಂಡರು. ಸ್ಕೋಪು ಮಳೆಯ ಹಾಗೆ, ಬರುತ್ತದೆ, ಹೋಗುತ್ತದೆ. ನೋಡಬೇಕಾದ್ದು ನೆಲವನ್ನು.

ಹಾಗಾದರೆ ಆಸಕ್ತಿ ನೋಡಿ ಆರಿಸಿಕೊಳ್ಳಬೇಕೇ? ವೇದಿಕೆ ಮೇಲಿಂದ ಎಲ್ಲರೂ ಹೇಳುವುದು ಅದನ್ನೇ, ನಾನೂ ಹೇಳಿದ್ದೇನೆ. ಈಗ ಅನಿಸುತ್ತದೆ, ಹದಿನೆಂಟು ವರ್ಷದ ಮಗುವಿಗೆ ಅದು ಉತ್ತರವಿಲ್ಲದ ಪ್ರಶ್ನೆ. ಪಿಯುಸಿಯಲ್ಲಿ ನೀವು ಮಾಡಿದ್ದು ಗಣಿತವನ್ನಲ್ಲ, ಗಣಿತದ ಪರೀಕ್ಷೆಯನ್ನು. ಒಂದು ನಿಮಿಷಕ್ಕೊಂದು ಲೆಕ್ಕ, ನಾಲ್ಕು ಆಯ್ಕೆ, ಒಂದು ಟಿಕ್ಕು. ಕಡಲನ್ನು ಬಾಟಲಿಯಲ್ಲಿ ತಂದು ತೋರಿಸಿ “ಈಜು ಇಷ್ಟವಾ?” ಎಂದು ಕೇಳಿದ ಹಾಗೆ. ಅದಕ್ಕೇ ನಾನೀಗ ಬೇರೆ ಪ್ರಶ್ನೆ ಕೇಳುತ್ತೇನೆ. ಯಾವುದರ ಸಂತೋಷ ಬೇಕು ಎಂದಲ್ಲ, ಯಾವುದರ ಬೇಸರ ನಿನಗೆ ತಡೆಯುತ್ತದೆ ಎಂದು. ಸಂತೋಷ ಎಲ್ಲ ದಾರಿಯಲ್ಲೂ ಹಬ್ಬದೂಟದಂತೆ ಯಾವಾಗಲೋ ಒಮ್ಮೆ. ದಿನದ ಗಂಜಿ ಬೇಸರದ್ದೇ. ಯಾವ ಗಂಜಿ ನಿನ್ನ ಹೊಟ್ಟೆಗೆ ಒಗ್ಗುತ್ತದೆಂದು ತಿಳಿದರೆ ದಾರಿ ತಿಳಿದಂತೆ.

ಇದನ್ನು ಬಿಡಿಸಿ ಹೇಳಲಿಕ್ಕೆ ನಮ್ಮ ಅರಂಬೂರಿನ ತೂಗುಸೇತುವೆಗೇ ಹೋಗುವ. ಪಯಸ್ವಿನಿಯ ಮೇಲೆ 1989ರಲ್ಲಿ ಅದನ್ನು ಕಟ್ಟಿದವರು ನಮ್ಮ ಸುಳ್ಯದವರೇ ಆದ ಮೆಕ್ಯಾನಿಕಲ್ ಇಂಜಿನಿಯರ್ ಗಿರೀಶ್ ಭಾರದ್ವಾಜ್. ಆಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ನೀನು ಚಿಕ್ಕವಳಿದ್ದಾಗ ಅದರ ನಡುವೆ ನಿಂತು ಬೇಕೆಂದೇ ಕುಣಿದು ಅಜ್ಜಿಯನ್ನು ಹೆದರಿಸುತ್ತಿದ್ದೆ, ನೆನಪುಂಟಾ? ಆ ಒಂದು ಸೇತುವೆಯ ಮೇಲೆ ಮೂರು ಜಾತಿಯ ಮನುಷ್ಯರು ನಿಂತಿದ್ದಾರೆ ಎಂದುಕೋ.

ಮೊದಲನೆಯವನಿಗೆ ಹೊಳೆ ಬೇಡ, ಜನ ಬೇಡ. ಅವನು ಕೇಳುವುದು, ಎರಡು ಕಂಬಕ್ಕೆ ಕಟ್ಟಿ ಬಿಟ್ಟ ಹಗ್ಗ ಬಾಗಿದ ಆ ಗೆರೆ ಯಾವುದು? ಗೆಲಿಲಿಯೋ 1638ರಲ್ಲಿ ಅದು ಹೆಚ್ಚುಕಡಿಮೆ ಪರವಲಯದ ಹಾಗೆ ಎಂದಿದ್ದ. 1690ರಲ್ಲಿ ಯಾಕೋಬ್ ಬರ್ನೂಲಿ ಇದನ್ನೇ ಸವಾಲಾಗಿ ಎಸೆದ. ಮರುವರ್ಷ ಅವನ ತಮ್ಮ ಯೋಹಾನ್, ಲೈಬ್ನಿಟ್ಸ್, ಹೈಗೆನ್ಸ್ ಮೂವರೂ ಉತ್ತರ ತಂದರು. ಅದು ಪರವಲಯವಲ್ಲ, ಕ್ಯಾಟನರಿ ಎಂಬ ಬೇರೆಯೇ ವಕ್ರರೇಖೆ. ತಮಾಷೆಯೆಂದರೆ ಅದೇ ಹಗ್ಗಕ್ಕೆ ಉದ್ದಕ್ಕೂ ಸಮವಾಗಿ ಭಾರದ ಹಾಸು ನೇತುಹಾಕಿದರೆ, ಅಂದರೆ ಅದನ್ನು ಸೇತುವೆ ಮಾಡಿದರೆ, ಗೆರೆ ಪರವಲಯದ ಕಡೆಗೆ ಸರಿಯುತ್ತದೆ. ಇವನು ಗಣಿತದವನು.

ಎರಡನೆಯವನು ಹಗ್ಗವನ್ನು ಮುಟ್ಟಿ ನೋಡುತ್ತಾನೆ. ಎಷ್ಟು ಬಿಗಿಯುಂಟು, ಬಿಸಿಲಿಗೆ ಎಷ್ಟು ಉದ್ದವಾಗುತ್ತದೆ, ನಾಲ್ಕು ಜನ ಹೆಜ್ಜೆ ಸೇರಿಸಿ ನಡೆದರೆ ಯಾಕೆ ತೂಗುತ್ತದೆ? ನಮ್ಮ ಅಂಗಳದ ಬಟ್ಟೆಹಗ್ಗವನ್ನೇ ನೋಡು. ನಟ್ಟನಡುವೆ ಐದು ಕೆಜಿಯ ಒದ್ದೆ ಕಂಬಳಿ ಹಾಕಿದ್ದೀ ಎಂದಿಟ್ಟುಕೋ. ಹಗ್ಗ ಎರಡೂ ಬದಿಯಲ್ಲಿ ಹತ್ತು ಡಿಗ್ರಿ ಜಗ್ಗಿದ್ದರೆ ಅದರ ಮೇಲೆ ಬೀಳುವ ಎಳೆತ ಸುಮಾರು 14 ಕೆಜಿಯ ತೂಕದಷ್ಟು. ಜಗ್ಗಲೇಬಾರದೆಂದು ಎಳೆದು ಒಂದೇ ಡಿಗ್ರಿಗೆ ತಂದೆಯೋ, ಎಳೆತ 143 ಕೆಜಿ. ಅಜ್ಜಿ ಹಗ್ಗವನ್ನು “ಸ್ವಲ್ಪ ಸಡಿಲ ಬಿಡಿ” ಎನ್ನುವುದು ಸುಮ್ಮನೆ ಅಲ್ಲ. ಇವನು ಭೌತಶಾಸ್ತ್ರದವನು.

ಮೂರನೆಯವನು ಕೇಳುವುದೇ ಬೇರೆ. ದೊಡ್ಡ ನೆರೆ ಬಂದ ವರ್ಷ ನೀರು ಯಾವ ಮರದವರೆಗೆ ಬಂದಿತ್ತು? ಜಾತ್ರೆಯ ದಿನ ಒಮ್ಮೆಗೇ ಎಷ್ಟು ಜನ ಹತ್ತಿಯಾರು? ತುಕ್ಕು ಹಿಡಿದರೆ ಬಣ್ಣ ಬಳಿಯುವವರು ಯಾರು? ಸಾಮಾನು ಹೊರಲು ಲಾರಿ ಬರುವ ದಾರಿ ಉಂಟಾ? ಪಂಚಾಯತಿನ ಹತ್ತಿರ ದುಡ್ಡು ಎಷ್ಟುಂಟು? ಇವನು ಇಂಜಿನಿಯರು. ಹಗ್ಗದ ಗೆರೆಯೂ ಬಿಗಿಯೂ ಗೊತ್ತಿರಬೇಕಾದ್ದು ಇವನಿಗೂ ಹೌದು. ಆದರೆ ಸೇತುವೆಯ ಮೇಲೆ ಶಾಲೆಗೆ ಹೋಗುವ ಮಗು ನಾಳೆಯೂ ಈಚೆ ದಡಕ್ಕೆ ಬರಬೇಕೆಂಬುದು ಇವನ ಲೆಕ್ಕದ ಕೊನೆಯ ಸಾಲು.

ಈ ಮೂವರಲ್ಲಿ ಮೇಲು ಕೀಳು ಹುಡುಕುವುದು ದಡ್ಡತನ. ಆದರೆ ಮೂವರ ಬೇಸರ ಬೇರೆ ಬೇರೆ. ಒಂದೊಂದನ್ನೂ ನಾನು ಕಂಡಂತೆ ಹೇಳುತ್ತೇನೆ.

ಗಣಿತದ ಬೇಸರ ಖಾಲಿ ಹಾಳೆಯದು. ಇದು ನಾನು ಸೋತ ಕಥೆ. ಬಿಎಸ್ಸಿಯ ಮೊದಲ ವರ್ಷ ನಮ್ಮ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ 1, ಅದಕ್ಕೆ ಅರ್ಧ ಕೂಡಿಸಿ, ಮೂರರಲ್ಲೊಂದು ಕೂಡಿಸಿ, ನಾಲ್ಕರಲ್ಲೊಂದು ಕೂಡಿಸಿ, ಹೀಗೇ ಬರೆಯುತ್ತ ಹೋಗಿ, “ಈ ಮೊತ್ತ ಎಲ್ಲಾದರೂ ನಿಲ್ಲುತ್ತದೋ?” ಎಂದು ಕೇಳಿದರು. ಕೂಡಿಸುವ ಸಂಖ್ಯೆ ಸಣ್ಣದಾಗುತ್ತ ಸೊನ್ನೆಯ ಹತ್ತಿರ ಹೋಗುತ್ತದಲ್ಲ, ಹಾಗಾಗಿ ನಿಲ್ಲುತ್ತದೆ ಎಂದೆ. ತರಗತಿಯೂ ತಲೆ ಆಡಿಸಿತು. ಲೆಕ್ಕ ಮಾಡಿದರೂ ಹಾಗೇ ಕಾಣುತ್ತದೆ. ಸಾವಿರ ಪದ ಕೂಡಿಸಿದರೆ ಮೊತ್ತ ಏಳೂವರೆಗೆ ಮುಟ್ಟುವುದಿಲ್ಲ, ಹತ್ತು ಲಕ್ಷ ಪದ ಕೂಡಿಸಿದರೂ ಹದಿನಾಲ್ಕೂವರೆಯೊಳಗೇ. ಆದರೂ ಅದು ನಿಲ್ಲುವುದಿಲ್ಲ! ಮೂರರಲ್ಲೊಂದು, ನಾಲ್ಕರಲ್ಲೊಂದು, ಇವೆರಡು ಸೇರಿದರೆ ಅರ್ಧಕ್ಕಿಂತ ಹೆಚ್ಚು. ಮುಂದಿನ ನಾಲ್ಕು ಪದ ಸೇರಿದರೂ ಅರ್ಧಕ್ಕಿಂತ ಹೆಚ್ಚು. ಅದರ ಮುಂದಿನ ಎಂಟು ಸೇರಿದರೂ ಅಷ್ಟೇ. ಹೀಗೆ ಅರ್ಧ, ಅರ್ಧ, ಅರ್ಧ ಕೂಡುತ್ತ ಹೋದರೆ ಯಾವ ಗಡಿಯನ್ನೂ ದಾಟಬಹುದು. ಮೊತ್ತ 100 ದಾಟಲಿಕ್ಕೆ ಮಾತ್ರ 1ರ ಮುಂದೆ 43 ಸೊನ್ನೆ ಬರೆದ ಸಂಖ್ಯೆಗಿಂತಲೂ ಹೆಚ್ಚು ಪದ ಬೇಕು. ಯಾವ ಯಂತ್ರವೂ ಒಂದೊಂದಾಗಿ ಕೂಡಿಸಿ ಮುಟ್ಟಲಾರದ ಸತ್ಯವನ್ನು ಮೇಷ್ಟ್ರು ಮೂರು ಸಾಲಿನಲ್ಲಿ ಹಿಡಿದು ಕೊಟ್ಟಿದ್ದರು.

ನನಗೆ ರೋಮಾಂಚನವಾದದ್ದು ನಿಜ. ಆದರೆ ಮರುದಿನ ಅಂಥದೇ ಒಂದನ್ನು ನೀವೇ ಸಾಧಿಸಿ ಎಂದಾಗ ನಾನು ಕೂತೆ, ಎದ್ದೆ, ಕಾಫಿ ಕುಡಿದೆ, ಮತ್ತೆ ಕೂತೆ. ಹಾಳೆ ಖಾಲಿ. ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಹನ್ನೊಂದು ಬಂತು. ನನ್ನ ರೂಮಿನವನು ಅದೇ ಖಾಲಿ ಹಾಳೆಯ ಮುಂದೆ ಮೂರು ದಿನ ಎಮ್ಮೆ ನೀರಲ್ಲಿ ಮಲಗಿದಷ್ಟು ನೆಮ್ಮದಿಯಿಂದ ಇರುತ್ತಿದ್ದ! ಅವನು ನನಗಿಂತ ಬುದ್ಧಿವಂತ ಎಂದುಕೊಂಡು ಬಹಳ ಕಾಲ ಒಳಗೊಳಗೇ ಬೆಂದಿದ್ದೇನೆ. ಆಮೇಲೆ ತಿಳಿಯಿತು, ಅವನಿಗೆ ಆ ಬೇಸರ ಒಗ್ಗಿತ್ತು, ನನಗೆ ಒಗ್ಗಲಿಲ್ಲ. ಅಷ್ಟೇ ವ್ಯತ್ಯಾಸ. ಆದರೆ ಒಂದು ಎಚ್ಚರಿಕೆ. ಮೊದಲ ಹನ್ನೊಂದು ಮಾರ್ಕು ನೋಡಿ ಓಡಬೇಡ. ಪಿಯುಸಿಯ ಸೂತ್ರದ ಗಣಿತದಿಂದ ಸಾಧಿಸುವ ಗಣಿತಕ್ಕೆ ದಾಟುವಾಗ ಎಲ್ಲರೂ ಒಮ್ಮೆ ಮುಳುಗುತ್ತಾರೆ. ಒಂದು ಪೂರ್ತಿ ಸೆಮಿಸ್ಟರ್ ಕೊಟ್ಟು ನೋಡು. ಅಷ್ಟಾದ ಮೇಲೂ ಖಾಲಿ ಹಾಳೆ ಕಂಡರೆ ಎದೆ ಬಿಗಿಯುತ್ತದೆಯೇ ಹೊರತು ಕೈ ತುರಿಸುವುದಿಲ್ಲ ಎಂದಾದರೆ ಬೇರೆ ಬಾಗಿಲು ತಟ್ಟು.

ವಿಜ್ಞಾನದ ಬೇಸರ ಮತ್ತೆ ಮತ್ತೆ ಅಳೆಯುವುದರದು. ಸರಳ ಲೋಲಕದ ಪ್ರಯೋಗ ಗೊತ್ತಲ್ಲ, ಗುಂಡು ತೂಗಾಡಿಸಿ ಗುರುತ್ವದ ಬೆಲೆ ಕಂಡುಹಿಡಿಯುವುದು. ನಮ್ಮ ಲ್ಯಾಬಿನಲ್ಲಿ ಎಲ್ಲರ ರೆಕಾರ್ಡಿನಲ್ಲೂ ಉತ್ತರ 980. ಯಾಕೆ? ಪುಸ್ತಕದಲ್ಲಿ ಅದೇ ಉಂಟು, ಉತ್ತರದಿಂದ ಹಿಂದಕ್ಕೆ ಬಂದು ರೀಡಿಂಗ್ ಅಡ್ಜಸ್ಟ್ ಮಾಡುತ್ತಾರೆ. ಭೂಮಧ್ಯರೇಖೆಗೆ ಹತ್ತಿರದ ನಮ್ಮ ಊರುಗಳಲ್ಲಿ ನಿಜವಾದ ಬೆಲೆ 978ರ ಆಸುಪಾಸು ಎಂಬುದು ಹಾಗೆ ಬರೆಯುವ ಯಾರಿಗೂ ಬೇಕಾಗಿರಲಿಲ್ಲ. ಒಂದು ವರ್ಷ ಒಬ್ಬ ಹುಡುಗ 962 ಎಂದು ಬರೆದು ತಂದ. ಅಕ್ಕಪಕ್ಕದವರು ನಕ್ಕರು. “ಇನ್ನೊಮ್ಮೆ ಮಾಡು” ಎಂದೆ. ಮತ್ತೆ 962. ಅವನು ತಿದ್ದಲಿಲ್ಲ. ದಾರದ ಉದ್ದ ಬದಲಿಸಿ ಬದಲಿಸಿ ಆರು ಸಲ ಅಳೆದು ಗ್ರಾಫ್ ಹಾಕಿದ. ಗೆರೆ ನೆಟ್ಟಗೆ ಬಂತು, ಆದರೆ ಮೂಲಬಿಂದುವಿನ ಮೂಲಕ ಹೋಗದೆ ಒಂದು ಸೆಂಟಿಮೀಟರ್ ಕೆಳಗೆ ಕಡಿಯಿತು. ಒಂದು ಸೆಂಟಿಮೀಟರ್! ಹುಡುಗ ಗುಂಡನ್ನೇ ದಿಟ್ಟಿಸಿ ನೋಡಿದ. ದಾರವನ್ನು ಗುಂಡಿನ ನೆತ್ತಿಯವರೆಗೆ ಅಳೆದಿದ್ದ, ನಡುವಿನವರೆಗೆ ಅಳೆದಿರಲಿಲ್ಲ. ಬಿಟ್ಟುಹೋದದ್ದು ಗುಂಡಿನ ತ್ರಿಜ್ಯ. ಅರವತ್ತು ಸೆಂಟಿಮೀಟರಿನಲ್ಲಿ ಒಂದು ತಪ್ಪಿದರೆ 978 ಎಂಬುದು 962 ಆಗುತ್ತದೆ, ಬೇಕಾದರೆ ಲೆಕ್ಕ ಹಾಕಿ ನೋಡು.

ಆ ಸಂಜೆ ಅವನ ಮುಖ ಕಂಡಿದ್ದೆ. 980 ಬರೆದವರಿಗೆಲ್ಲ ಹತ್ತಕ್ಕೆ ಹತ್ತು ಬಂದಿತ್ತು, ಲೋಲಕ ಮಾತಾಡಿದ್ದು ಅವನೊಬ್ಬನ ಹತ್ತಿರ. ಲ್ಯಾಬಿನಲ್ಲಿ ಸುಳ್ಳು ಬರೆಯಬೇಡ ಎಂದು ನಾನು ನೀತಿಗಾಗಿ ಹೇಳುತ್ತಿಲ್ಲ, ನಷ್ಟಕ್ಕಾಗಿ ಹೇಳುತ್ತಿದ್ದೇನೆ. ಸುಳ್ಳು ರೀಡಿಂಗ್ ಬರೆದ ದಿನ ನೀನು ವಿಜ್ಞಾನದವಳು ಹೌದೋ ಅಲ್ಲವೋ ಎಂದು ತಿಳಿಯುವ ಒಂದು ಅವಕಾಶ ಕಳೆದುಕೊಳ್ಳುತ್ತೀ.

ಇನ್ನು ಇಂಜಿನಿಯರಿಂಗಿನ ಬೇಸರ ಮಾಡಿದ್ದು ಕೆಡುವುದರದು. ಮನೆಯ ಟ್ಯಾಂಕಿ ತುಂಬಿದರೆ ಕೂಗುವ ಗಂಟೆಯೊಂದನ್ನು ಮಾಡು. ಎರಡು ತಂತಿ, ಒಂದು ಟ್ರಾನ್ಸಿಸ್ಟರ್, ಒಂದು ಬಜರ್. ನೀರು ತಂತಿಗೆ ತಾಗಿದರೆ ಕರೆಂಟು ಹರಿದು ಕೂಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಮೊದಲು ಕೂಗುವುದಿಲ್ಲ, ಎರಡು ಗಂಟೆ ಹುಡುಕಿದ ಮೇಲೆ ಗ್ರೌಂಡ್ ಕೊಟ್ಟಿರಲಿಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಕೂಗುತ್ತದೆ, ಮನೆಯವರೆಲ್ಲ ಭೇಷ್ ಎನ್ನುತ್ತಾರೆ. ಕೆಲವು ತಿಂಗಳು ಕಳೆಯಲಿ. ಒಂದೇ ದಿಕ್ಕಿನ ಕರೆಂಟು ನೀರಲ್ಲಿ ಹರಿದು ಹರಿದು ತಂತಿ ಸವೆದು, ಹಸಿರು ಕಿಲುಬು ಹಿಡಿದು ಗಂಟೆ ಮೂಕವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಕಡ್ಡಿ ಹಾಕುವುದೋ, ಕರೆಂಟು ಕಡಿಮೆ ಮಾಡುವುದೋ, ತಂತಿಯೇ ಬೇಡವೆಂದು ತೇಲುವ ಸ್ವಿಚ್ಚು ಇಡುವುದೋ? ಅಷ್ಟರಲ್ಲಿ ಬಜರಿನೊಳಗೆ ಇರುವೆ ಗೂಡು ಕಟ್ಟಿರುತ್ತದೆ. ಮೊದಲ ದಿನ ಕೂಗಿಸಲಿಕ್ಕೆ ಪಾಠ ಸಾಕು, ಆರನೆಯ ತಿಂಗಳೂ ಕೂಗಿಸುವವನು ಇಂಜಿನಿಯರು. ಅವನ ದಿನದ ಬಹುಪಾಲು ಹೋಗುವುದು ಕೆಟ್ಟದ್ದನ್ನು ಹುಡುಕುವುದರಲ್ಲಿ, ಬರೆದಿಡುವುದರಲ್ಲಿ, ಇನ್ನೊಬ್ಬರ ಬಜೆಟ್ಟಿನೊಳಗೆ ತನ್ನ ಬುದ್ಧಿಯನ್ನು ಮಡಚಿ ಇಡುವುದರಲ್ಲಿ. ನಿನ್ನ ಕಂಪ್ಯೂಟರ್ ಸೈನ್ಸಿನ ಕನಸೂ ಇದೇ ಕುಲದ್ದು. ಅಲ್ಲಿ ಇರುವೆಯ ಬದಲು ಬಗ್ಗು.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಮೊದಲ ಒಂದು ವರ್ಷ ನಿಮಗೆ ಸಿಕ್ಕಿರುವುದು ಇದನ್ನು ರುಚಿ ನೋಡಲಿಕ್ಕೆ. ನಿನ್ನ ಇಂಜಿನಿಯರಿಂಗಿನಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎಲ್ಲರಿಗೂ ಎಲ್ಲದರದ್ದೂ ಒಂದೊಂದು ತುತ್ತು ಬಡಿಸುತ್ತಾರೆ. ಹುಡುಗರು ಅದನ್ನು ದಾಟಬೇಕಾದ ಕೆಸರು ಎಂದುಕೊಂಡು ಪ್ಯಾಂಟು ಮಡಚಿ ದಾಟುತ್ತಾರೆ, ಎಂ-ಒನ್ ಎಂಬ ಮೊದಲ ಗಣಿತದ ಪೇಪರನ್ನು ಬ್ಯಾಕ್ ಉಳಿಸಿಕೊಂಡು ಮೂರನೆಯ ವರ್ಷದವರೆಗೂ ಎಳೆಯುತ್ತಾರೆ. ನೀನು ಹಾಗೆ ಮಾಡಬೇಡ. ನಿನ್ನ ಎಲೆಕ್ಟ್ರಾನಿಕ್ಸಿನ ಸಿಗ್ನಲ್ ಎಂಬುದು ಮುಂದೆ ನಿಂತಿರುವುದೇ ಆ ಗಣಿತದ ಮೇಲೆ.

ಮತ್ತೆ, ಇಲ್ಲಿ ಒಂದು ಬಾಗಿಲು ಹೊಕ್ಕವರಿಗೆ ಇನ್ನೊಂದು ಬಾಗಿಲು ಮುಚ್ಚಿತು ಎಂಬುದು ಸುಳ್ಳು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮೊದಲು ಮಾಡಿದ್ದು ಬಿಎ, 1881ರಲ್ಲಿ. ಇಂಜಿನಿಯರಿಂಗ್ ಓದಲಿಕ್ಕೆ ಪುಣೆಗೆ ಹೋದದ್ದು ಆಮೇಲೆ. ಸತೀಶ್ ಧವನ್ ಅವರು ಗಣಿತ-ಭೌತಶಾಸ್ತ್ರದಲ್ಲಿ ಬಿಎ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂಎ, ಮೆಕ್ಯಾನಿಕಲ್‌ನಲ್ಲಿ ಬಿಇ ಮೂರನ್ನೂ ಲಾಹೋರಿನಲ್ಲಿ ಮುಗಿಸಿ, ಅಮೆರಿಕದಲ್ಲಿ ವಿಮಾನವಿಜ್ಞಾನ ಕಲಿತು ಬಂದು, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಬೆಂಗಳೂರಿನ ಐಐಎಸ್ಸಿಯ, ನಿರ್ದೇಶಕರಾಗಿ, 1972ರಿಂದ ಇಸ್ರೋವನ್ನೂ ನಡೆಸಿದರು. ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಇಂಜಿನಿಯರಿಂಗ್ ಡಿಗ್ರಿಯವರಲ್ಲ, ಬಿಎಸ್ಸಿ, ಎಂಎಸ್ಸಿ ಮಾಡಿ ವಿಶ್ವಕಿರಣಗಳ ಬೆನ್ನು ಹತ್ತಿದ್ದ ಭೌತವಿಜ್ಞಾನಿ. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಅವರ ಮುಂದಾಳತ್ವದಲ್ಲಿ ಕಟ್ಟಿದ ಸುಮಾರು 360 ಕೆಜಿಯ ಆರ್ಯಭಟ 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತು. ನಿನ್ನ ತಮ್ಮನಿಗೆ “ಬರೀ ಬಿಎಸ್ಸಿಯಾ” ಎಂದವರಿಗೆ ಇನ್ನೊಮ್ಮೆ ಕಾಫಿ ಕೊಡುವಾಗ ಇದನ್ನು ಹೇಳು.

ಕೆಲವೊಮ್ಮೆ ಗಣಿತದವನು, ಭೌತಶಾಸ್ತ್ರದವನು, ಇಂಜಿನಿಯರು ಮೂವರೂ ಒಂದೇ ಕಡೆ ಸೇರಬೇಕಾಗುತ್ತದೆ. ಲಂಡನ್ನಿನಲ್ಲಿ ಥೇಮ್ಸ್ ನದಿಗೆ ಕಾಲುಸೇತುವೆಯೊಂದನ್ನು ಕಟ್ಟಿ 2000ದ ಜೂನ್ 10ಕ್ಕೆ ತೆರೆದರು, ಹೆಸರು ಮಿಲೇನಿಯಂ ಬ್ರಿಜ್. ಜನ ನುಗ್ಗಿದ್ದೇ ತಡ ಸೇತುವೆ ಎಡಬಲಕ್ಕೆ ಓಲಾಡತೊಡಗಿತು, ಎರಡೇ ದಿನಕ್ಕೆ ಮುಚ್ಚಿದರು. ಓಲಾಟಕ್ಕೆ ಬೀಳದಿರಲೆಂದು ಜನ ಕಾಲು ಅಗಲಿಸಿ ಅದೇ ಲಯಕ್ಕೆ ಹೆಜ್ಜೆ ಹಾಕುತ್ತಿದ್ದರು, ಆ ಹೆಜ್ಜೆ ಓಲಾಟವನ್ನು ಇನ್ನೂ ಹೆಚ್ಚಿಸುತ್ತಿತ್ತು. ಇಂಜಿನಿಯರುಗಳು ಸುಮಾರು ತೊಂಬತ್ತು ಡ್ಯಾಂಪರ್ ಕೂರಿಸಿ 2002ರಲ್ಲಿ ಮತ್ತೆ ತೆರೆದರು. ಜನ ಯಾಕೆ ತಾವಾಗಿಯೇ ಹೆಜ್ಜೆ ಸೇರಿಸುತ್ತಾರೆ ಎಂಬುದಕ್ಕೆ ಗಣಿತದವರೂ ಭೌತಶಾಸ್ತ್ರದವರೂ ಕೂಡಿ 2005ರಲ್ಲಿ ಒಂದು ಲೆಕ್ಕ ಕೊಟ್ಟರು. ಮಿಂಚುಹುಳಗಳು ಒಟ್ಟಿಗೆ ಮಿನುಗುವುದನ್ನು ವಿವರಿಸುವ ಗಣಿತವೂ ಅದೇ ಬಗೆಯದು. ಮಳೆಗಾಲದ ಮೊದಲಿಗೆ ನಮ್ಮ ಕಾಡಿನ ಅಂಚಿನಲ್ಲಿ ನೀನು ನೋಡುವ ಮಿಂಚುಹುಳಕ್ಕೂ ಲಂಡನ್ನಿನ ಸೇತುವೆಗೂ ಒಂದೇ ಬಗೆಯ ಗಣಿತ! ಹಾಗಾಗಿ ಪಕ್ಕದ ಮನೆಯವರ ಭಾಷೆ ತಿಳಿದಿರಲಿ. ಎಲೆಕ್ಟ್ರಾನಿಕ್ಸಿನವಳು ಗಣಿತದ ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತರೆ ಯಾರೂ ಎಬ್ಬಿಸುವುದಿಲ್ಲ.

ನಿನ್ನ ತಮ್ಮನಿಗೆ ಮೂರು ಕೆಲಸದ ಮಾತು. ಬಿಎಸ್ಸಿಯನ್ನು ಕಾಯುವ ಕೋಣೆ ಮಾಡಿಕೊಳ್ಳಬೇಡ, ಮೂರು ವರ್ಷ ಮೂರು ಮಳೆಗಾಲದಷ್ಟು ಬೇಗ ಹೋಗುತ್ತದೆ. ಗಣಿತ ಹಿಡಿಸಿದರೆ ಎಂಟಿಟಿಎಸ್ ಎಂಬ ಬೇಸಿಗೆ ಶಿಬಿರ 1993ರಿಂದ ನಡೆಯುತ್ತಿದೆ, ಅರ್ಜಿ ಹಾಕು. ಭೌತಶಾಸ್ತ್ರ ಹಿಡಿಸಿದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಉಂಟು, ಎರಡು ತಿಂಗಳು ನಿಜವಾದ ಪ್ರಯೋಗಶಾಲೆಯಲ್ಲಿ ಕೂರಬಹುದು. ಅದಕ್ಕೆ ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯಲ್ಲೇ. ಏಪ್ರಿಲಿನಲ್ಲಿ ಎದ್ದು ಹುಡುಕಿದರೆ ಬಸ್ಸು ಹೋಗಿರುತ್ತದೆ. ಮೂರನೆಯ ವರ್ಷಕ್ಕೆ ಜ್ಯಾಮ್ ಪರೀಕ್ಷೆ, ಅದು ಐಐಟಿಗಳ ಎಂಎಸ್ಸಿಗೆ ದಾರಿ. ಗಣಿತಕ್ಕಾದರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ತಮ್ಮದೇ ಪರೀಕ್ಷೆ ನಡೆಸುತ್ತವೆ. ಮಗಳೇ, ಆ ಬೇಸಿಗೆ ಫೆಲೋಶಿಪ್ಪಿಗೆ ಇಂಜಿನಿಯರಿಂಗಿನವರೂ ಅರ್ಜಿ ಹಾಕಬಹುದು. ವರ್ಷಕ್ಕೊಮ್ಮೆ ಟಾಟಾ ಇನ್‌ಸ್ಟಿಟ್ಯೂಟಿನ ಓಪನ್ ಡೇ ಬರುತ್ತದೆ, ಎಲ್ಲ ಲ್ಯಾಬಿನ ಬಾಗಿಲೂ ತೆರೆದಿರುತ್ತದೆ. ಇಬ್ಬರೂ ಹೋಗಿ. ಫೋಟೋ ತೆಗೆಯುವುದು ಆಮೇಲೆ, ಮೊದಲು ಅಲ್ಲಿನ ಹುಡುಗರನ್ನು ಹಿಡಿದು ಕೇಳಿ: “ಸಾಮಾನ್ಯ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ನೀವು ಏನು ಮಾಡುತ್ತೀರಿ?” ಬೇಸರದ ರುಚಿ ಅಲ್ಲಿ ಸಿಗುತ್ತದೆ.

ಭಾಷೆಯ ಮಾತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರು ನೀವಿಬ್ಬರೂ. ತರಗತಿಯಲ್ಲಿ ಬೆಂಗಳೂರಿನ ಮಕ್ಕಳು ಪಟಪಟನೆ ಇಂಗ್ಲಿಷಿನಲ್ಲಿ ಉತ್ತರಿಸುವಾಗ ನಾಲಿಗೆ ಒಣಗುತ್ತದೆ, ಗೊತ್ತು. ನನಗೂ ಒಣಗಿತ್ತು. ಆದರೆ ವೇಗೋತ್ಕರ್ಷ ಎಂಬ ಪದದಲ್ಲಿ ವೇಗ ಏರುವುದು ಕಾಣುತ್ತದೆ, ಅನುಕಲನ, ಜಡತ್ವ ಎಂಬ ಪದಗಳನ್ನು ಬಿಡಿಸಿದರೆ ಒಳಗೆ ಅರ್ಥ ಕೂತಿರುತ್ತದೆ. ಅದು ನಿಮ್ಮ ಗಂಟು. ಬಿಸಾಡಬೇಡಿ. ಮೊದಲು ಕನ್ನಡದಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ರಾಷ್ಟ್ರಕೂಟರ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಇದೇ ನೆಲದಲ್ಲಿ ಗಣಿತಸಾರಸಂಗ್ರಹ ಬರೆದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಲೆಕ್ಕಕ್ಕೆ ನಮ್ಮ ನುಡಿ ಹೊಸದೇನಲ್ಲ.

ಈಗ ನಿಮ್ಮ ಫೋನಿನೊಳಗೆ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರ ಉಂಟು. ಬಳಸಿ. ನಾನೂ ಬಳಸುತ್ತೇನೆ, ಕೊಳೆರೋಗದ ಔಷಧಿ ಕೇಳಲಿಕ್ಕೆ. ಆದರೆ ಲೆಕ್ಕದ ಮುಂದೆ ಅರ್ಧ ಗಂಟೆ ಒದ್ದಾಡುವ ಮೊದಲೇ ಅದನ್ನು ಕೇಳಿದೆಯಾದರೆ, ನಿನ್ನ ಬೇಸರವನ್ನು ಅದು ತಿಂದುಬಿಡುತ್ತದೆ. ಬೇಸರ ಹೋದರೆ ಒಳ್ಳೆಯದಲ್ಲವೇ ಎಂದೀಯೆ. ಅಲ್ಲ. ನೀನು ಯಾರು ಎಂದು ನಿನಗೆ ಹೇಳಲಿಕ್ಕಿದ್ದದ್ದು ಅದೊಂದೇ.

ದುಡ್ಡಿನ ಮಾತನ್ನು ಮುಚ್ಚಿಡುವುದಿಲ್ಲ. ನಾನು ಇಂಜಿನಿಯರಿಂಗಿಗೆ ಹೋಗದೆ ಬಿಎಸ್ಸಿಗೆ ಹೋದದ್ದೇ ಮನೆಯಲ್ಲಿ ದುಡ್ಡಿಲ್ಲದ್ದಕ್ಕೆ. ಬೇಗ ದುಡಿದು ಮನೆ ನಡೆಸಬೇಕಾದ ಮಕ್ಕಳಿಗೆ “ಮನಸ್ಸಿನ ಮಾತು ಕೇಳು” ಎಂದು ಉಪದೇಶ ಮಾಡುವುದು ಉಂಡವರ ಚಪಲ. ಸಂಬಳಕ್ಕಾಗಿ ಒಂದು ದಾರಿ ಹಿಡಿದರೆ ಅದರಲ್ಲಿ ನಾಚಿಕೆಯಿಲ್ಲ. ಅಲ್ಲೂ ನಿನಗೆ ಒಗ್ಗುವ ಮೂಲೆಯೊಂದು ಇದ್ದೇ ಇರುತ್ತದೆ, ಹುಡುಕು. ನೀವಿಬ್ಬರು ಮನೆಯ ಸಾಲದ ಚಿಂತೆ ಈ ಮೂರು ನಾಲ್ಕು ವರ್ಷ ಮಾಡಬೇಕಾಗಿಲ್ಲ. ಅಡಿಕೆ ಉಂಟು, ನಾನೂ ಇದ್ದೇನೆ.

ಕರೆಂಟು ಬಂತು. ಮುಗಿಸುತ್ತೇನೆ. ದೀಪಾವಳಿ ರಜೆಗೆ ಬರುವಾಗ ಟ್ರಾನ್ಸಿಸ್ಟರು, ಬಜರು ತೆಗೆದುಕೊಂಡು ಬಾ. ನಮ್ಮ ಟ್ಯಾಂಕಿಗೆ ಗಂಟೆ ಕಟ್ಟಿ ಹೋಗು. ಅದು ಕೂಗುವುದು ನಿಲ್ಲಿಸಿದ ದಿನ ನಾನು ನಿನಗೆ ಫೋನು ಮಾಡುತ್ತೇನೆ. ಇಂಟರ್ನಲ್ಸ್ ನಡುವೆ ಬರಬಹುದು ಆ ಫೋನು. ಕೇಳಿದ ಕೂಡಲೇ ನಿನಗೆ “ಅಯ್ಯೋ, ಇದೊಂದು ಪೀಡೆ” ಎನಿಸಿತೋ, “ತಡಿ ಅಜ್ಜ, ಯಾವ ತಂತಿ ಸವೆದಿದೆ, ಒಮ್ಮೆ ನೋಡಿ ಹೇಳಿ” ಎಂದು ಬಾಯಿಗೆ ಬಂತೋ, ಅದನ್ನು ಗಮನಿಸು. ಜೀಪು ಹತ್ತುವ ಮೊದಲು ನೀನು ಕೇಳಿದ್ದಕ್ಕೆ ನನಗಿಂತ ಸರಿಯಾದ ಉತ್ತರ ಆ ಗಳಿಗೆ ಹೇಳುತ್ತದೆ.

ಇಂತಿ ನಿನ್ನ
ಅಜ್ಜ